ಅಂಚಿನಲ್ಲಿ ಏನಿದೆ ಎಂದು ಮೊದಲು ನೋಡಿ: ಹೊಸ ಛಾಯಾಗ್ರಾಹಕರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕ್ಯಾಮೆರಾ ಕೊಂಡು ಒಂದೆರಡು ವರ್ಷವೂ ಆಗದವರಿಂದ ಬಂದವು. ಯಾವ ಲೆನ್ಸ್ ಕೊಳ್ಳಬೇಕು ಎಂಬ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು, ಚಿತ್ರವನ್ನು ಚೌಕಟ್ಟಿನೊಳಗೆ ಹೊಂದಿಸುವುದು ಹೇಗೆ ಮತ್ತು ಅದನ್ನು ನಾಲ್ಕು ಜನರ ಮುಂದೆ ಇಡುವುದು ಹೇಗೆ ಎಂಬುದಕ್ಕೆ ಸಂಬಂಧಿಸಿದವನ್ನು ಮಾತ್ರ ಆರಿಸಿಕೊಂಡಿದ್ದೇನೆ. ಲೆನ್ಸಿನ ಪ್ರಶ್ನೆ ಕೇಳಿದವರು ಬೇಸರಿಸಬಾರದು. ಅವರ ಉತ್ತರವೂ ಬಹುಪಾಲು ಇಲ್ಲಿಯೇ ಇದೆ.

ಪ್ರಶ್ನೆ: ಮಾನ್ಯರೆ, ಹತ್ತು ತಿಂಗಳ ಹಿಂದೆ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವೊಂದನ್ನು 18–55 ಮಿ.ಮೀ. ಲೆನ್ಸಿನ ಸಮೇತ ಕೊಂಡೆ. ತೆಗೆದ ಚಿತ್ರಗಳನ್ನು ಇನ್‌ಸ್ಟಾಗ್ರಾಮಿಗೆ ಹಾಕುತ್ತೇನೆ. ಗೆಳೆಯರು ‘ಸೂಪರ್’, ‘ಮಸ್ತ್’ ಎನ್ನುತ್ತಾರೆ. ಅದೇ ಚಿತ್ರಗಳನ್ನು ಛಾಯಾಗ್ರಾಹಕರ ಗುಂಪೊಂದರಲ್ಲಿ ಹಾಕಿದಾಗ ‘ಕಾಂಪೊಸಿಷನ್ (ಸಂಯೋಜನೆ) ಸರಿಯಿಲ್ಲ’ ಎಂದು ಒಬ್ಬರು ಬರೆದರು. ಏನು ಸರಿಯಿಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ತಪ್ಪೆಲ್ಲಿದೆ ಎಂದು ತಿಳಿಸಿ. (ಕಾಲೇಜು ವಿದ್ಯಾರ್ಥಿ, ಸಾಗರ)

ಉತ್ತರ: ‘ಸೂಪರ್’ ಎಂದವರಿಂದಲೂ ‘ಸರಿಯಿಲ್ಲ’ ಎಂದವರಿಂದಲೂ ನಿಮಗೆ ಸಿಕ್ಕಿದ್ದು ಒಂದೇ, ಅಂದರೆ ಏನೂ ಇಲ್ಲ. ಆದ್ದರಿಂದ ಅವೆರಡನ್ನೂ ಮರೆತು ಚಿತ್ರಗಳನ್ನೇ ನೋಡೋಣ.

ಮೊದಲನೆಯದು, ನಿಮ್ಮ ಅಜ್ಜಿ ಜಗಲಿಯ ಮೇಲೆ ಕುಳಿತು ಹಲಸಿನ ಹಪ್ಪಳ ಒತ್ತುತ್ತಿರುವ ಚಿತ್ರ. ಅಜ್ಜಿಯ ಮುಖ ಚೌಕಟ್ಟಿನ ನಟ್ಟನಡುವೆ ಇದೆ. ಮುಖದ ಮೇಲ್ಗಡೆ ಅರ್ಧ ಚಿತ್ರದಷ್ಟು ಗೋಡೆ, ಗೋಡೆಯ ಮೇಲೊಂದು ಕ್ಯಾಲೆಂಡರ್, ಅದರ ಪಕ್ಕದಲ್ಲಿ ಸ್ವಿಚ್ ಬೋರ್ಡು. ಬಲ ಅಂಚಿನಲ್ಲಿ ನೀಲಿ ಡ್ರಮ್ಮಿನ ಅರ್ಧಭಾಗ, ಎಡ ಅಂಚಿನಲ್ಲಿ ಯಾವುದೋ ಮಗುವಿನ ಮೊಣಕೈ. ಬಟ್ಟೆ ಒಣಹಾಕುವ ಹಗ್ಗ ಅಜ್ಜಿಯ ಒಂದು ಕಿವಿಯಿಂದ ಹೊಕ್ಕು ಇನ್ನೊಂದು ಕಿವಿಯಿಂದ ಹೊರಬಂದಂತೆ ಕಾಣುತ್ತದೆ. ಇನ್ನು ಕೆಳ ಅಂಚನ್ನು ನೋಡಿ. ಹಪ್ಪಳದ ಮಣೆಯೂ ಅದನ್ನು ಒತ್ತುವ ಕೈಗಳೂ ಮಣಿಕಟ್ಟಿನ ಬಳಿಯೇ ಕತ್ತರಿಸಿ ಹೋಗಿವೆ. ನೀವು ತೆಗೆಯಲು ಹೊರಟದ್ದು ಹಪ್ಪಳ ಒತ್ತುವ ಅಜ್ಜಿಯನ್ನು. ಚಿತ್ರದಲ್ಲಿ ಪೂರ್ತಿಯಾಗಿ ಬಂದಿರುವುದು ಸ್ವಿಚ್ ಬೋರ್ಡು.

ಇದು ನಿಮ್ಮೊಬ್ಬರ ತಪ್ಪಲ್ಲ. ಹೊಸಬರೆಲ್ಲರೂ ಬಂದೂಕಿಗೆ ಗುರಿ ಹಿಡಿಯುವಂತೆ ಮುಖವನ್ನು ನಡುವಿಗೆ ತಂದು ಗುಂಡಿ ಒತ್ತುತ್ತಾರೆ, ಏಕೆಂದರೆ ಮಾತನಾಡುವಾಗ ನಮ್ಮ ಕಣ್ಣು ಎದುರಿನವರ ಮುಖವನ್ನು ಮಾತ್ರ ನೋಡಿ ಉಳಿದದ್ದನ್ನು ತಾನಾಗಿಯೇ ಬಿಟ್ಟುಬಿಡುತ್ತದೆ. ಕ್ಯಾಮೆರಾಕ್ಕೆ ಆ ಸೌಜನ್ಯವಿಲ್ಲ. ಅಜ್ಜಿಗೂ ಡ್ರಮ್ಮಿಗೂ ಅದು ಸಮಾನ ಮರ್ಯಾದೆ ಕೊಡುತ್ತದೆ. ಇದರ ಜೊತೆಗೆ ನಿಮ್ಮ ಕ್ಯಾಮೆರಾದ ಒಂದು ಕೊರತೆಯೂ ಸೇರಿಕೊಂಡಿದೆ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಸಾಮಾನ್ಯವಾಗಿ ಚೌಕಟ್ಟಿನ ಶೇಕಡಾ 95ರಷ್ಟನ್ನು ಮಾತ್ರ ತೋರಿಸುತ್ತದೆ. ನಾಲ್ಕೂ ಅಂಚಿನ ಆ ಸಣ್ಣ ಪಟ್ಟಿಯಲ್ಲಿ ಏನಿದೆ ಎಂಬುದು ಚಿತ್ರ ತೆಗೆದ ಮೇಲೆಯೇ ಗೊತ್ತಾಗುವುದು. ಆ ಮೊಣಕೈ ನಿಮಗೆ ಕಂಡೇ ಇರಲಿಕ್ಕಿಲ್ಲ.

ನಾನು ಹೊಸಬರಿಗೆ ಹೇಳಿಕೊಡುವ ಅಭ್ಯಾಸ ಒಂದೇ. ಗುಂಡಿ ಒತ್ತುವ ಮೊದಲು ಚೌಕಟ್ಟಿಗೆ ಕಣ್ಣಿನಿಂದ ಒಂದು ಪ್ರದಕ್ಷಿಣೆ ಹಾಕಿ: ಮೇಲಿನ ಎಡಮೂಲೆಯಿಂದ ಹೊರಟು ಬಲಕ್ಕೆ, ಕೆಳಕ್ಕೆ, ಎಡಕ್ಕೆ, ಮತ್ತೆ ಮೇಲಕ್ಕೆ. ದಾರಿಯಲ್ಲಿ ಅರ್ಧ ಕತ್ತರಿಸಿದ ವಸ್ತು ಸಿಕ್ಕಿದರೆ ಅದನ್ನು ಒಳಗೆ ಕರೆದುಕೊಳ್ಳಿ, ಇಲ್ಲವೇ ಪೂರ್ತಿ ಹೊರಗೆ ಕಳುಹಿಸಿ. ಮೊದಮೊದಲು ಇದಕ್ಕೆ ನಾಲ್ಕೈದು ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ಅಜ್ಜಿ ‘ಇನ್ನೂ ಆಗಲಿಲ್ವನೋ’ ಎಂದು ಗದರುತ್ತಾರೆ. ಕೆಲವು ತಿಂಗಳಲ್ಲಿ ಅದು ಉಸಿರಾಟದಷ್ಟು ಸಹಜವಾಗುತ್ತದೆ.

ಈಗ ಆ ಚಿತ್ರವನ್ನು ಮತ್ತೊಮ್ಮೆ ತೆಗೆಯುವುದಾದರೆ ಹೇಗೆ? ಅಂಗಳಕ್ಕೆ ಇಳಿದು ನಿಂತು ತೆಗೆಯಬೇಡಿ. ಗೋಡೆ ಹಿನ್ನೆಲೆಯಾಗುವುದು ಅಲ್ಲಿಂದಲೇ. ಜಗಲಿಯ ಮೇಲೊಂದು ಸ್ಟೂಲು ಹಾಕಿಕೊಂಡು ಹತ್ತಿ, ಅಜ್ಜಿಯ ಹಿಂದೆ ಓರೆಯಾಗಿ ನಿಂತು, ಭುಜದ ಮೇಲಿನಿಂದ ಕೆಳಕ್ಕೆ ನೋಡಿ. ಆಗ ಗೋಡೆ, ಹಗ್ಗ, ಡ್ರಮ್ಮು ಮೂರೂ ಮಾಯವಾಗಿ, ಅಂಗಳದ ಚಾಪೆಯ ಮೇಲೆ ಒಣಗಲು ಹರವಿದ ಹಪ್ಪಳಗಳ ಸಾಲುಗಳೇ ಹಿನ್ನೆಲೆಯಾಗುತ್ತವೆ. ಆ ಸಾಲುಗಳನ್ನು ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಬರುವಂತೆ ಹೊಂದಿಸಿದರೆ ನೋಡುವವರ ಕಣ್ಣು ಅವುಗಳ ಮೇಲೆ ಜಾರಿಕೊಂಡು ಅಜ್ಜಿಯ ಕೈಗೆ ಬಂದು ನಿಲ್ಲುತ್ತದೆ. ಮುಖವೇ ಬೇಕೆಂದಾದರೆ ಎದುರಿಗೆ ಬನ್ನಿ, ಆದರೆ ಮಂಡಿಯೂರಿ ಕುಳಿತು ಮಣೆಯ ಮಟ್ಟಕ್ಕೆ ಇಳಿಯಿರಿ. ಬಿಸಿಲಿನಲ್ಲಿ ಹರವಿದ ಹಪ್ಪಳಗಳಿಂದ ಚಿಮ್ಮುವ ಬೆಳಕು ಜಗಲಿಯ ನೆರಳಿನಲ್ಲಿರುವ ಮುಖವನ್ನು ಕೆಳಗಿನಿಂದ ಮೃದುವಾಗಿ ಬೆಳಗುತ್ತದೆ. ಸ್ಟುಡಿಯೊದವರು ಬಿಳಿಯ ಹಲಗೆ ಹಿಡಿದು ಮಾಡುವ ಕೆಲಸವನ್ನು ನಿಮ್ಮ ಮನೆಯ ಅಂಗಳವೇ ಮಾಡಿಕೊಡುತ್ತಿದೆ.

ಎರಡನೆಯದು ಮಳೆಯಲ್ಲಿ ಅಡಿಕೆ ತೋಟ. ಮರಗಳ ನೇರ ಗೆರೆಗಳು ಚೆನ್ನಾಗಿವೆ, ಹಸಿರು ಚೆನ್ನಾಗಿದೆ, ಆದರೆ ಕಣ್ಣು ನಿಲ್ಲಲು ಜಾಗವಿಲ್ಲ. ದೂರದಲ್ಲಿ ಕಂಬಳಿಕೊಪ್ಪೆ ಹೊದ್ದ ಒಬ್ಬರಿದ್ದಾರೆ, ಆದರೆ ಅವರು ಒಂದು ಮರದ ಹಿಂದೆ ಅರ್ಧ ಅಡಗಿದ್ದಾರೆ. ಅವರು ಎರಡು ಮರಗಳ ನಡುವಿನ ಬೆಳಕಿನ ಸಂದಿಗೆ ಬರುವವರೆಗೆ ಹತ್ತು ಹೆಜ್ಜೆಯ ಕಾಲ ಕಾದಿದ್ದರೆ ಚಿತ್ರ ಬೇರೆಯೇ ಆಗುತ್ತಿತ್ತು. ಕಾಯುವುದೂ ಸಂಯೋಜನೆಯ ಒಂದು ಭಾಗವೇ.

ಮೂರನೆಯದು ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಂದಿ ಮಂಟಪದ ಚಿತ್ರ. ಇದನ್ನು ಮೊದಲ ಸಾಲಿನಲ್ಲೇ ಹೊಗಳಬೇಕಿತ್ತು. ಮಂಟಪದ ಕಮಾನನ್ನೇ ಒಳಚೌಕಟ್ಟಾಗಿ ಬಳಸಿಕೊಂಡು, ಕಲ್ಲಿನ ಕಪ್ಪು ನೆರಳಿನ ನಡುವೆ ನಂದಿಯ ಬೆನ್ನಿಗೆ ಬೆಳಕು ಬೀಳುವ ಹೊತ್ತನ್ನು ಹಿಡಿದಿದ್ದೀರಿ. ಕಮಾನಿನ ಕಾಲ ಬಳಿ ಕೆಂಪು ಅಂಗಿ ತೊಟ್ಟು ನಿಂತಿರುವ ಗೆಳೆಯರನ್ನು ಮಾತ್ರ ಎರಡು ಹೆಜ್ಜೆ ಆಚೆ ಕಳುಹಿಸಬೇಕಿತ್ತು. ಬೂದು ಬಣ್ಣದ ಚಿತ್ರದಲ್ಲಿ ಕೆಂಪು ಎಷ್ಟೇ ಚಿಕ್ಕದಿದ್ದರೂ ಮೊದಲು ಕಾಣುವುದು ಅದೇ.

ಇನ್ನು ಹಂಚಿಕೊಳ್ಳುವ ವಿಷಯ. ಹಾಕಿದ ಚಿತ್ರದ ಕೆಳಗೆ ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬುದೇ ಉತ್ತರ. ಮನೆಗೆ ಬಂದ ನೆಂಟರನ್ನು ‘ಊಟ ಹೇಗಿತ್ತು?’ ಎಂದು ಕೇಳಿದಂತೆ. ಅದರ ಬದಲು ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ಎಂದು ಕೇಳಿ ನೋಡಿ. ಇದಕ್ಕೆ ಉತ್ತರಿಸಲು ಛಾಯಾಗ್ರಾಹಕರೇ ಆಗಬೇಕಿಲ್ಲ, ನಿಮ್ಮ ತಂಗಿಯೂ ಉತ್ತರಿಸಬಲ್ಲಳು. ಐದು ಜನರಲ್ಲಿ ಮೂವರು ‘ಆ ನೀಲಿ ಡ್ರಮ್ಮು’ ಎಂದರೆ ಪಾಠ ಮುಗಿಯಿತು. ಒಮ್ಮೆಗೆ ಹತ್ತು ಚಿತ್ರ ಹಾಕಬೇಡಿ. ಹತ್ತರಲ್ಲಿ ಒಂದನ್ನು ಆರಿಸುವ ಕೆಲಸವನ್ನು ನೋಡುವವರ ಮೇಲೆ ಹೊರಿಸಿದರೆ ಕಲಿಯಬೇಕಾದ ಮುಖ್ಯ ಸಂಗತಿಯನ್ನೇ ಬಿಟ್ಟುಕೊಟ್ಟಂತೆ. ತೆಗೆದ ದಿನವೇ ಹಾಕುವ ಅವಸರವೂ ಬೇಡ. ಒಂದು ವಾರ ಬಿಟ್ಟು ನೋಡಿದಾಗ ಅಂದಿನ ಮಳೆಯ ವಾಸನೆ, ಹಪ್ಪಳದ ರುಚಿ ಎಲ್ಲವೂ ಮರೆತು ಚೌಕಟ್ಟಿನಲ್ಲಿ ಇರುವುದಷ್ಟೇ ಕಾಣುತ್ತದೆ, ಅಪರಿಚಿತರು ನೋಡುವಂತೆ.

ಎದುರುಬದುರು ಕುಳಿತು ಮಾತನಾಡುವ ಅವಕಾಶವಿದ್ದರೆ ಅದನ್ನು ಬಿಡಬೇಡಿ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳಿಂದ ನಮ್ಮಲ್ಲಿ ಅನೇಕರು ಬೆಳೆದು ಬಂದಿದ್ದಾರೆ. ನಾನು ಮೊದಲ ಸಲ ಅಂತಹ ಒಂದು ಕೂಟಕ್ಕೆ ಎತ್ತುಗಳ ಚಿತ್ರವೊಂದನ್ನು ಹೆಮ್ಮೆಯಿಂದ ಒಯ್ದಿದ್ದೆ. ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ‘ಎತ್ತು ಲಕ್ಷಣವಾಗಿದೆ, ಅದರ ನೆತ್ತಿಯ ಮೇಲೆ ಲೈಟು ಕಂಬ ಏಕೆ ನೆಟ್ಟಿರಿ?’ ಎಂದರು. ಆ ಕಂಬ ನನಗೆ ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಅಂದಿನಿಂದ ಯಾರ ತಲೆಯ ಹಿಂದೆಯೂ ಕಂಬ ಬಿಟ್ಟಿಲ್ಲ ಎಂದರೆ ಸುಳ್ಳಾದೀತು, ಆದರೆ ಬಿಟ್ಟಾಗಲೆಲ್ಲ ಆ ಧ್ವನಿ ಕೇಳಿಸಿದೆ.

ಪ್ರಶ್ನೆ: ಮೊಬೈಲಿನಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡು ‘ರೂಲ್ ಆಫ್ ಥರ್ಡ್ಸ್’ ಪ್ರಕಾರವೇ ಚಿತ್ರ ತೆಗೆಯುತ್ತೇನೆ. ಹಂಪಿಯ ಕಲ್ಲಿನ ರಥವನ್ನು ನಡುವಿನಲ್ಲಿಟ್ಟು ತೆಗೆದದ್ದಕ್ಕೆ ‘ನಿಯಮ ಮುರಿದಿದ್ದೀರಿ’ ಎಂದು ಒಬ್ಬರು ಆಕ್ಷೇಪಿಸಿದರು. ಹಾಗಾದರೆ ನಡುವಿನಲ್ಲಿ ಇಡಲೇಬಾರದೆ? (ಓದುಗರು, ಹೊಸಪೇಟೆ)

ಉತ್ತರ: ಧಾರಾಳವಾಗಿ ಇಡಬಹುದು. ಅದನ್ನು ನಿಯಮವೆಂದು ಕರೆದದ್ದೇ ತೊಂದರೆಗೆ ಮೂಲ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಭಾಗ ಮಾಡಿ, ಗೆರೆಗಳು ಸಂಧಿಸುವಲ್ಲಿ ಮುಖ್ಯ ವಸ್ತುವನ್ನು ಇಡಬೇಕು ಎಂಬ ಈ ಮಾತು ಕ್ಯಾಮೆರಾಕ್ಕಿಂತ ಹಳೆಯದು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲಿ ಗ್ರಾಮೀಣ ದೃಶ್ಯಗಳ ಚಿತ್ರಕಲೆಯ ಬಗ್ಗೆ ಬರೆಯುವಾಗ ಮೂರನೇ ಒಂದು ಮತ್ತು ಮೂರನೇ ಎರಡರ ಹಂಚಿಕೆಯನ್ನು ಈ ಹೆಸರಿನಲ್ಲಿ ಹೇಳಿದ. ಛಾಯಾಗ್ರಹಣದ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಆಕಾಶವೆಷ್ಟು, ನೆಲವೆಷ್ಟು ಎಂದು ತೂಗುವಾಗ ಎರಡಕ್ಕೂ ಸಮಪಾಲು ಕೊಟ್ಟು ಚಿತ್ರವನ್ನು ಸಪ್ಪೆ ಮಾಡಬೇಡ ಎಂಬ ಸಲಹೆಯಾಗಿ ಅದು ಇಂದಿಗೂ ಒಳ್ಳೆಯದು. ಹೊಸಬರ ‘ನಡುವಿನ ಚಟ’ ಬಿಡಿಸುವುದಕ್ಕೂ ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಬೇಡ.

ಕಲ್ಲಿನ ರಥದ ಎಡ ಮತ್ತು ಬಲ ಭಾಗಗಳು ಒಂದನ್ನೊಂದು ಹೋಲುವಂತೆ ಶಿಲ್ಪಿಗಳು ಅದನ್ನು ಕಟ್ಟಿದ್ದಾರೆ. ಎದುರಿನಿಂದ ನೋಡುವಾಗ ಆ ಸಮತೋಲವೇ ಅದರ ಸೊಗಸು. ಅದನ್ನು ಹಟಕ್ಕೆ ಬಿದ್ದು ಬಲಕ್ಕೋ ಎಡಕ್ಕೋ ತಳ್ಳಿದರೆ ಶಿಲ್ಪಿಯ ಜೊತೆ ಜಗಳವಾಡಿದಂತೆ. ಆದರೆ ನಡುವಿನಲ್ಲಿ ಇಡುವುದಾದರೆ ನಿಜವಾಗಿಯೂ ನಡುವಿನಲ್ಲಿಯೇ ಇಡಿ. ನೀವು ಕಳುಹಿಸಿದ ಚಿತ್ರದಲ್ಲಿ ಇರುವ ದೋಷ ಇದೇ. ನೀವು ಅರ್ಧ ಹೆಜ್ಜೆ ಎಡಕ್ಕೆ ನಿಂತಿರುವುದರಿಂದ ಒಂದು ಬದಿಯ ಚಕ್ರ ಅಗಲವಾಗಿಯೂ ಇನ್ನೊಂದು ಕಿರಿದಾಗಿಯೂ ಕಾಣುತ್ತದೆ. ಇತ್ತ ಸಮವೂ ಅಲ್ಲ, ಅತ್ತ ಓರೆಯೂ ಅಲ್ಲ. ರಥದ ಮುಂದಿನ ಎರಡು ಆನೆಗಳ ನಡುವಿನ ಸಂದಿಯನ್ನು ಗುರುತಾಗಿಟ್ಟುಕೊಂಡು, ಎರಡೂ ಚಕ್ರಗಳು ಒಂದೇ ಅಗಲದಲ್ಲಿ ಕಾಣುವವರೆಗೆ ಅಂಗುಲ ಅಂಗುಲವಾಗಿ ಸರಿಯಿರಿ. ಕ್ಯಾಮೆರಾ ಮಟ್ಟವಾಗಿರಲಿ. ಟ್ರೈಪಾಡ್ ತಂದರೆ ಸುಲಭವಲ್ಲವೆ ಎನ್ನಬಹುದು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮುಂಚಿತ ಅನುಮತಿ ಬೇಕು. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಜನವೂ ಕಡಿಮೆ, ಬೆಳಕೂ ಓರೆಯಾಗಿ ಬಿದ್ದು ಕೆತ್ತನೆಯನ್ನು ಎತ್ತಿ ತೋರಿಸುತ್ತದೆ.

ಹೇಗಿದ್ದರೂ ನೀವು ಹಂಪಿಯ ಪಕ್ಕದಲ್ಲೇ ಇರುವವರು, ಒಂದು ಕೆಲಸ ಮಾಡಿ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯಲ್ಲಿ, ಗೋಡೆಯ ಸಣ್ಣ ರಂಧ್ರದ ಮೂಲಕ ಬಂದ ಬೆಳಕಿನಲ್ಲಿ ಒಂಬತ್ತು ಅಂತಸ್ತಿನ ಗೋಪುರ ತಲೆಕೆಳಗಾಗಿ ಮೂಡುವುದನ್ನು ನೋಡಿಯೇ ಇರುತ್ತೀರಿ. ಕ್ಯಾಮೆರಾದ ತತ್ತ್ವವೇ ಅದು. ಹಳೆಯ ದೊಡ್ಡ ಕ್ಯಾಮೆರಾಗಳಲ್ಲಿ ಹಿಂಬದಿಯ ಗಾಜಿನ ಮೇಲೆ ದೃಶ್ಯ ಹಾಗೆಯೇ ತಲೆಕೆಳಗಾಗಿ ಕಾಣುತ್ತಿತ್ತು, ಛಾಯಾಗ್ರಾಹಕ ಕಪ್ಪು ಬಟ್ಟೆ ಹೊದ್ದು ಅದನ್ನು ನೋಡಿಯೇ ಚಿತ್ರ ಹೊಂದಿಸುತ್ತಿದ್ದ. ಅದರಲ್ಲೊಂದು ಲಾಭವಿತ್ತು: ತಲೆಕೆಳಗಾದ ಗೋಪುರ ಗೋಪುರವಾಗಿ ಕಾಣದೆ ಒಂದು ಆಕಾರವಾಗಿ, ಒಂದು ತೂಕವಾಗಿ ಕಾಣುತ್ತದೆ. ನಿಮ್ಮ ಚಿತ್ರಗಳನ್ನು ಹಾಕುವ ಮೊದಲು ಮೊಬೈಲಿನಲ್ಲಿ ಒಮ್ಮೆ ತಿರುಗಿಸಿ ತಲೆಕೆಳಗು ಮಾಡಿ ನೋಡಿ. ಯಾವ ಬದಿ ಭಾರವಾಗಿದೆ, ಎಲ್ಲಿ ಖಾಲಿ ಬಿದ್ದಿದೆ, ಯಾವ ಮೂಲೆಯಲ್ಲಿ ಬಿಳಿಯ ಚುಕ್ಕೆ ಕಣ್ಣು ಚುಚ್ಚುತ್ತಿದೆ ಎಂಬುದು ಆಗ ತಟ್ಟನೆ ಗೊತ್ತಾಗುತ್ತದೆ. ಗ್ರಿಡ್ ಗೆರೆಗಳಿಗಿಂತ ಇದು ನನಗೆ ಹೆಚ್ಚು ಕಲಿಸಿದೆ.

ಪ್ರಶ್ನೆ: ಯಕ್ಷಗಾನದ ಚಿತ್ರಗಳನ್ನು ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುತ್ತೇನೆ. ವೇಷ ಎಷ್ಟೇ ಚೆನ್ನಾಗಿದ್ದರೂ ಚಿತ್ರ ಮಾತ್ರ ಗಜಿಬಿಜಿಯಾಗಿರುತ್ತದೆ. (ಓದುಗರು, ಹೊನ್ನಾವರ)

ಉತ್ತರ: ಯಕ್ಷಗಾನದ ರಂಗಸ್ಥಳದಲ್ಲಿ ಕಣ್ಣಿಗೆ ಬೇಕಾದದ್ದೂ ಬೇಡವಾದದ್ದೂ ಒಟ್ಟಿಗೆ ಸೇರಿರುತ್ತವೆ. ವೇಷದ ಹಿಂದೆ ಭಾಗವತರು, ಮದ್ದಳೆ, ಮೈಕಿನ ಸ್ಟ್ಯಾಂಡು. ಅವುಗಳ ಹಿಂದೆ ಪ್ರಾಯೋಜಕರ ಫ್ಲೆಕ್ಸ್. ನಟ್ಟನಡುವಿನ ಕುರ್ಚಿಯಲ್ಲಿ ಕುಳಿತು ತೆಗೆದರೆ ಇವೆಲ್ಲ ಒಂದರ ಮೇಲೊಂದು ಬಂದು ಕೂರುತ್ತವೆ. ಆಟ ನೋಡಲು ಅದು ಒಳ್ಳೆಯ ಜಾಗ, ಚಿತ್ರ ತೆಗೆಯಲು ಅಲ್ಲ. ರಂಗಸ್ಥಳದ ಪಕ್ಕಕ್ಕೆ ಸರಿದು, ವೇಷದ ಹಿಂದೆ ಕತ್ತಲೆಯೋ ಪರದೆಯ ಒಂದೇ ಬಣ್ಣವೋ ಸಿಗುವ ಕೋನವನ್ನು ಮೊದಲು ಹುಡುಕಿ. ವೇಷ ಆ ಜಾಗಕ್ಕೆ ಬಂದೇ ಬರುತ್ತದೆ, ಇಡೀ ರಾತ್ರಿ ನಿಮ್ಮ ಬಳಿ ಇದೆ. ಹಿನ್ನೆಲೆಯನ್ನು ಮೊದಲು ಆರಿಸಿ ವಸ್ತುವಿಗಾಗಿ ಕಾಯುವ ಈ ಕ್ರಮವನ್ನು ಒಮ್ಮೆ ರೂಢಿಸಿಕೊಂಡರೆ ಜಾತ್ರೆಯಲ್ಲೂ ಸಂತೆಯಲ್ಲೂ ಅದೇ ಕೈಹಿಡಿಯುತ್ತದೆ.

ನೀವು ಕಳುಹಿಸಿದ ಏಳು ಚಿತ್ರಗಳಲ್ಲಿ ಐದರಲ್ಲಿ ಕಿರೀಟದ ತುದಿ ಮೇಲಿನ ಅಂಚನ್ನು ಮುಟ್ಟಿ ನಿಂತಿದೆ. ಮುಟ್ಟುವುದು ಕತ್ತರಿಸುವುದಕ್ಕಿಂತ ಕೆಟ್ಟದ್ದು, ಏಕೆಂದರೆ ನೋಡುವವರ ಕಣ್ಣು ಅಲ್ಲಿಯೇ ಸಿಕ್ಕಿಬೀಳುತ್ತದೆ. ಕಿರೀಟದ ಮೇಲೆ ಒಂದು ಗೇಣು ಜಾಗ ಬಿಡಿ, ಇಲ್ಲವೇ ಧೈರ್ಯ ಮಾಡಿ ಹತ್ತಿರ ಹೋಗಿ ಹಣೆಯ ಮೇಲಕ್ಕೆ ಕತ್ತರಿಸಿ ಕಣ್ಣುಗಳಿಂದಲೇ ಚೌಕಟ್ಟು ತುಂಬಿಸಿ. ಕೈಕಾಲುಗಳನ್ನು ಕತ್ತರಿಸುವುದಾದರೆ ಮಣಿಕಟ್ಟು, ಮೊಣಕಾಲು, ಪಾದದ ಗಂಟುಗಳಂತಹ ಕೀಲುಗಳಲ್ಲಿ ಕತ್ತರಿಸಬಾರದು. ವೇಷ ಯಾವ ಕಡೆಗೆ ನೋಡುತ್ತಿದೆಯೋ ಆ ಕಡೆ ಹೆಚ್ಚು ಜಾಗವಿರಲಿ. ರಂಗದ ಅರ್ಧ ಅಭಿನಯ ಆ ನೋಟದಲ್ಲಿಯೇ ಇದೆ. ಧೀಂಗಿಣ (ಗಿರಗಿರನೆ ತಿರುಗುವ ಕುಣಿತ) ಹಾಕುವಾಗ ಶಟರ್ ತೆರೆದು ಮುಚ್ಚುವ ವೇಗ ಸೆಕೆಂಡಿನ 1/250ಕ್ಕಿಂತ ನಿಧಾನವಾದರೆ ಮುಖ ಅಲುಗುತ್ತದೆ. ಆದ್ದರಿಂದ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಅಥವಾ 3200ಕ್ಕೆ ಏರಿಸಲು ಹೆದರಬೇಡಿ. ಸ್ವಲ್ಪ ಮರಳುಮರಳಾದ ಚಿತ್ರ ಕ್ಷಮ್ಯ, ರಂಗದ ಬೆಳಕನ್ನೇ ಕೊಲ್ಲುವ ಫ್ಲಾಶ್ ಕ್ಷಮ್ಯವಲ್ಲ.

ಕಲಾವಿದರು ವೇಷ ಕಟ್ಟಿಕೊಳ್ಳುವ ಚೌಕಿಗೆ ಹೋಗುವ ಪರಿಚಯವಿದ್ದರೆ ಸಂಜೆಯೇ ಹೋಗಿ. ಒಂದು ಬಲ್ಬು, ಒಂದು ಕೈಗನ್ನಡಿ, ತನ್ನ ಮುಖಕ್ಕೆ ತಾನೇ ಬಣ್ಣ ಬರೆಯುತ್ತಿರುವ ಕಲಾವಿದ: ಇದಕ್ಕಿಂತ ಸರಳವಾದ ಸಂಯೋಜನೆಯ ಪಾಠಶಾಲೆ ಸಿಗಲಾರದು. ಅಲ್ಲಿ ಒಪ್ಪಿಗೆ ಕೇಳಿಯೇ ತೆಗೆಯಿರಿ. ಅರ್ಧ ವೇಷದಲ್ಲಿ, ಅರ್ಧ ನಿದ್ದೆಯಲ್ಲಿ ಇರುವವರ ಚಿತ್ರವನ್ನು ಅವರನ್ನು ಕೇಳದೆ ಗುಂಪಿಗೆ ಹಾಕುವುದು ಸಲ್ಲದು.

ಪ್ರಶ್ನೆ: ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲ. ಮೊಬೈಲಿನಲ್ಲಿಯೇ ಸಂಯೋಜನೆ ಕಲಿಯಬಹುದೆ? (ಗೃಹಿಣಿ, ರಾಣೆಬೆನ್ನೂರು)

ಉತ್ತರ: ಕಲಿಯಬಹುದು. ಒಂದು ಲೆಕ್ಕದಲ್ಲಿ ಸುಲಭವೂ ಹೌದು, ಏಕೆಂದರೆ ಪರದೆಯ ಮೇಲೆ ಚೌಕಟ್ಟು ಅಂಗೈಯಲ್ಲಿಟ್ಟ ಚಿತ್ರದಂತೆ ಕಾಣುತ್ತದೆ, ಅಂಚುಗಳು ಕಣ್ಣು ತಪ್ಪಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಮೊಬೈಲಿನ ಮುಖ್ಯ ಲೆನ್ಸ್ ಅಗಲವಾಗಿ ನೋಡುವಂಥದ್ದು. ಮಕ್ಕಳ ಮುಖಕ್ಕೆ ತೀರ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿಯೂ ಕಿವಿ ಚಿಕ್ಕದಾಗಿಯೂ ಬರುತ್ತದೆ. ಮೂರು ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡು ಪಟ್ಟು ಹತ್ತಿರ ತೋರಿಸುವ ‘2x’ ಬಳಸಿ. ನಿಮ್ಮ ಅಡುಗೆಮನೆಯ ಕಿಟಕಿಯ ಪಕ್ಕದ ಒಂದು ಮೂಲೆಯನ್ನು ಆರಿಸಿಕೊಂಡು, ಒಂದು ತಿಂಗಳು ದಿನಕ್ಕೊಂದರಂತೆ ಅಲ್ಲಿಯೇ ಚಿತ್ರ ತೆಗೆಯಿರಿ. ರೊಟ್ಟಿ ತಟ್ಟುವ ಕೈ, ಹಿಟ್ಟಿನ ಪುಡಿ, ತಾಮ್ರದ ಕೊಡ ಇಷ್ಟೇ ಸಾಕು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಹೆಸರು ಉಳಿದಿರುವುದು ಸಾಮಾನ್ಯ ಜನರ ಸಾಮಾನ್ಯ ದಿನಗಳನ್ನು ತೋರಿಸಿದ್ದಕ್ಕೆ. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳು ಎಲ್ಲಿ ಕಂಡರೂ ನಿಂತು ನೋಡಿ.

ಪ್ರಶ್ನೆ: ಕ್ಯಾಮೆರಾದಲ್ಲಿ ಚೆನ್ನಾಗಿ ಕಂಡ ಚಿತ್ರ ಇನ್‌ಸ್ಟಾಗ್ರಾಮಿನಲ್ಲಿ ಕತ್ತರಿಸಿಕೊಂಡು, ವಾಟ್ಸ್ಆ್ಯಪಿನಲ್ಲಿ ಮಸುಕಾಗಿ ಬರುತ್ತದೆ. ಏಕೆ? (ಓದುಗರು, ತುಮಕೂರು)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲು ಕತ್ತರಿಯ ವಿಷಯ. ಡಿಎಸ್‌ಎಲ್‌ಆರ್ ಚಿತ್ರದ ಅಗಲ ಮತ್ತು ಎತ್ತರ ಸಾಮಾನ್ಯವಾಗಿ 3:2ರ ಪ್ರಮಾಣದಲ್ಲಿರುತ್ತವೆ, ಬಹುತೇಕ ಮೊಬೈಲುಗಳಲ್ಲಿ 4:3. ಇನ್‌ಸ್ಟಾಗ್ರಾಮ್ 2010ರಲ್ಲಿ ಆರಂಭವಾದಾಗ ಚೌಕಾಕಾರವನ್ನು ಮಾತ್ರ ಒಪ್ಪುತ್ತಿತ್ತು. 2015ರಲ್ಲಿ ಅಡ್ಡ ಮತ್ತು ಉದ್ದದ ಚಿತ್ರಗಳಿಗೂ ಅವಕಾಶವಾಯಿತು. ಮೊಬೈಲಿನ ಪರದೆ ಉದ್ದವಾಗಿರುವುದರಿಂದ 4:5ರಂತಹ ಉದ್ದನೆಯ ಚಿತ್ರಗಳು ಅಲ್ಲಿ ಅಡ್ಡಚಿತ್ರಗಳಿಗಿಂತ ದೊಡ್ಡದಾಗಿ ಕಾಣುತ್ತವೆ. ಈಗ ಲೆಕ್ಕ ಹಾಕಿ. 6000 × 4000 ಪಿಕ್ಸೆಲಿನ ಅಡ್ಡಚಿತ್ರವನ್ನು 4:5ಕ್ಕೆ ಕತ್ತರಿಸಿದರೆ ಅಗಲದಲ್ಲಿ ಉಳಿಯುವುದು 3200 ಪಿಕ್ಸೆಲ್ ಮಾತ್ರ, ಹೆಚ್ಚುಕಡಿಮೆ ಅರ್ಧ ಚಿತ್ರ ಹೋಯಿತು. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದು ತೆಗೆದಿದ್ದರೆ 6000ದ ಎತ್ತರದಲ್ಲಿ 5000 ಉಳಿಯುತ್ತದೆ, ಆರನೇ ಒಂದು ಭಾಗವಷ್ಟೇ ನಷ್ಟ. ಆದ್ದರಿಂದ ಎಲ್ಲಿ ತೋರಿಸುವ ಚಿತ್ರ ಎಂಬುದನ್ನು ತೆಗೆಯುವಾಗಲೇ ನಿರ್ಧರಿಸಿ, ಅದಕ್ಕೆ ತಕ್ಕಂತೆ ಸುತ್ತ ಜಾಗ ಬಿಡಿ. ಹಾಗೆಂದು ಅಗಲವಾದ ಕೆರೆಯನ್ನು ಉದ್ದಕ್ಕೆ ತೆಗೆಯಬೇಡಿ; ಅದು ಅಡ್ಡವಾಗಿಯೇ ಇರಲಿ, ಮೇಲೆ ಕೆಳಗೆ ಪರದೆ ಖಾಲಿ ಉಳಿದರೆ ಉಳಿಯಲಿ.

ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿ ಕಳುಹಿಸುತ್ತದೆ. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳುಹಿಸಿದರೆ ಮೂಲ ಚಿತ್ರವೇ ಹೋಗುತ್ತದೆ. ವಿಮರ್ಶೆ ಕೇಳುವಾಗ ಹಾಗೆಯೇ ಕಳುಹಿಸಿ.

ಪ್ರಶ್ನೆ: ನಾನು ತೆಗೆದ ಜೋಗದ ಚಿತ್ರವನ್ನು ಸಂಸ್ಥೆಯೊಂದು ನನ್ನನ್ನು ಕೇಳದೆ, ಹೆಸರೂ ಹಾಕದೆ ತನ್ನ ಜಾಹೀರಾತಿನಲ್ಲಿ ಬಳಸಿಕೊಂಡಿದೆ. ಅಂತರ್ಜಾಲದಲ್ಲಿ ಹಾಕಿದ ಮೇಲೆ ಹಕ್ಕು ಹೋಯಿತೆ? (ಓದುಗರು, ಶಿವಮೊಗ್ಗ)

ಉತ್ತರ: ಹೋಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವೂ ಕಲಾಕೃತಿ, ಅದನ್ನು ತೆಗೆದವರೇ ಕರ್ತೃ. 2012ರ ತಿದ್ದುಪಡಿಯ ನಂತರ ಆ ಹಕ್ಕು ಛಾಯಾಗ್ರಾಹಕರ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ನೋಂದಣಿ ಕಡ್ಡಾಯವಲ್ಲ. ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಅಳಿಸದೆ ಇಟ್ಟುಕೊಂಡಿದ್ದರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಮೊದಲು ಸೌಜನ್ಯದ ಪತ್ರವೊಂದನ್ನು ಬರೆದು ಹೆಸರನ್ನೋ ಸಂಭಾವನೆಯನ್ನೋ ಕೇಳಿ. ಅದಕ್ಕೆ ಬಗ್ಗದಿದ್ದರೆ ವಕೀಲರ ನೋಟಿಸು ಇದ್ದೇ ಇದೆ. ಒಂದು ವಿನಾಯಿತಿ ನೆನಪಿರಲಿ: ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ತೆಗೆದ ಚಿತ್ರಗಳ ಮೊದಲ ಒಡೆತನ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದ್ದು. ಮದುವೆ ಚಿತ್ರ ತೆಗೆಯುವ ಕಿರಿಯರು ಇದನ್ನು ತಿಳಿದಿರಬೇಕು.

ಇನ್ನು ಮುಂದೆ ಕಳ್ಳತನ ಆಗದಿರಲಿ ಎಂದು ಚಿತ್ರದ ಅಡ್ಡಕ್ಕೂ ನಿಮ್ಮ ಹೆಸರನ್ನು ಬಂಗಾರದ ಅಕ್ಷರದಲ್ಲಿ ಬರೆಯಲು ಹೊರಟಿರುವುದಾಗಿ ಪತ್ರದಲ್ಲಿ ತಿಳಿಸಿದ್ದೀರಿ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಜಲಪಾತಕ್ಕಿಂತ ಮೊದಲು ಕಣ್ಣು ಹೋಗುವುದು ನಿಮ್ಮ ಹೆಸರಿಗೆ. ಒಂದು ಮೂಲೆಯಲ್ಲಿ ಸಣ್ಣದಾಗಿ, ಚಿತ್ರದ ಬಣ್ಣದಲ್ಲೇ ಬೆರೆತಿರಲಿ. ಹಾಕುವ ಪ್ರತಿಯೂ ಚಿಕ್ಕ ಗಾತ್ರದ್ದಿರಲಿ.

ಪ್ರಶ್ನೆ: ನಮ್ಮ ಮನೆಯ ಕುಂಡದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿದೆ. ಮರಿಗಳ ಚಿತ್ರವನ್ನು ಹಾಕಿದಾಗ ಹೊಗಳಿಕೆಯ ಜೊತೆಗೆ ಬೈಗುಳವೂ ಬಂತು. ಎಲೆಗಳು ಅಡ್ಡ ಬರುತ್ತಿದ್ದುದರಿಂದ ಒಂದೆರಡು ಟೊಂಗೆ ಸರಿಸಿ ಕಟ್ಟಿದ್ದೆನಷ್ಟೆ. (ಓದುಗರು, ಮೈಸೂರು)

ಉತ್ತರ: ಬೈದವರು ಸರಿಯಾಗಿಯೇ ಬೈದಿದ್ದಾರೆ, ಭಾಷೆ ಸ್ವಲ್ಪ ಒರಟಾಗಿತ್ತಷ್ಟೆ. ನಿಮ್ಮ ಚೌಕಟ್ಟಿಗೆ ಅಡ್ಡವಾಗಿದ್ದ ಆ ಎಲೆಗಳನ್ನು ಹಕ್ಕಿ ನೋಡಿಯೇ ಆ ಜಾಗ ಆರಿಸಿತ್ತು. ಅವನ್ನು ಸರಿಸಿದರೆ ನಿಮಗೆ ಕಾಣುವಷ್ಟೇ ಸ್ಪಷ್ಟವಾಗಿ ಕಾಗೆಗೂ ಕೆಂಬೂತಕ್ಕೂ ಗೂಡು ಕಾಣುತ್ತದೆ, ಮಧ್ಯಾಹ್ನದ ಬಿಸಿಲೂ ನೇರವಾಗಿ ಮರಿಗಳ ಮೇಲೆ ಬೀಳುತ್ತದೆ. ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪುವುದಿಲ್ಲ. ಗೂಡಿನ ಚಿತ್ರಗಳನ್ನು ಸ್ವೀಕರಿಸದ ಸ್ಪರ್ಧೆಗಳೂ ಗುಂಪುಗಳೂ ನಮ್ಮಲ್ಲಿ ಇರುವುದು ಇದೇ ಕಾರಣಕ್ಕೆ.

ಈ ಪತ್ರಿಕೆ ನಿಮ್ಮ ಕೈಸೇರುವ ಮೊದಲೇ ಮರಿಗಳು ಹಾರಿಹೋಗಿರಬಹುದು. ಇನ್ನೂ ಇದ್ದರೆ ಕಟ್ಟಿದ ದಾರವನ್ನು ಮೆಲ್ಲಗೆ ಬಿಚ್ಚಿ ಟೊಂಗೆಗಳನ್ನು ಮೊದಲಿನಂತೆ ಬಿಡಿ. ತಾಯಿಹಕ್ಕಿ ಬಾಯಲ್ಲಿ ಹುಳು ಹಿಡಿದು ಹತ್ತಿರದ ತಂತಿಯ ಮೇಲೆ ಬಂದು ಕೂರುತ್ತದೆಯಲ್ಲ, ಅದನ್ನು ಕೋಣೆಯ ಒಳಗಿನಿಂದ, ಕಿಟಕಿಯ ಸರಳುಗಳ ಸಂದಿಯಿಂದ ತೆಗೆಯಿರಿ. ಮಸುಕಾದ ಸರಳುಗಳು ಮುನ್ನೆಲೆಯಲ್ಲಿ ಬಂದರೆ ಬರಲಿ, ಮನೆಯೊಳಗಿನಿಂದ ಹಕ್ಕಿಯನ್ನು ನೋಡುತ್ತಿರುವ ಭಾವ ಅವುಗಳಿಂದಲೇ ಬರುತ್ತದೆ. ಮೊಬೈಲಿನಲ್ಲಿ ತೆಗೆಯುವುದಾದರೆ ಚಿತ್ರದ ಜೊತೆ ಗೂಡಿನ ಜಾಗವೂ ಹೊರಗೆ ಹೋಗದಂತೆ, ಸ್ಥಳ ದಾಖಲಿಸುವ ಸೌಲಭ್ಯವನ್ನು ಆಫ್ ಮಾಡಿಡಿ. ಮರಿಗಳು ಹಾರಿಹೋಗಿ ಗೂಡು ಖಾಲಿಯಾದ ಮೇಲೆ ನಿಮಗೆ ಬೇಕಾದಷ್ಟು ಹತ್ತಿರ ಹೋಗಿ. ನಾರು, ಒಣ ಎಲೆ, ಜೇಡರ ಬಲೆಯ ಎಳೆ, ನಡುವೆ ಎಲ್ಲೋ ಸಿಕ್ಕಿದ ಪ್ಲಾಸ್ಟಿಕ್ ಚೂರು, ಎಲ್ಲವನ್ನೂ ಬೆಳಗಿನ ಓರೆ ಬೆಳಕಿನಲ್ಲಿ ಮೇಲಿನಿಂದ ನೇರವಾಗಿ ತೆಗೆದು ಕಳುಹಿಸಿ. ಜಾಗವಿದ್ದರೆ ಮುಂದಿನ ಸಂಚಿಕೆಯಲ್ಲಿ ಅದನ್ನೇ ಹಾಕೋಣ.